ಸುಮ್ನೆ ಮಾಡಿದ ಫೋನು

ನಾನು ಇಷ್ಟು ವರ್ಷ ಏನು ಕೆಲಸ ಮಾಡಿದೆ ಎಂಬುದು ಅತ್ತಿಗುಪ್ಪೆಯ ನಮ್ಮ ರಸ್ತೆಯಲ್ಲಿ ಇವತ್ತಿಗೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಸಮಾಜಶಾಸ್ತ್ರದ ಪ್ರೊಫೆಸರ್ ಆಗಿದ್ದೆ ಎನ್ನುವವರೆಗೆ ಯಾರದೂ ತಕರಾರಿಲ್ಲ. ತಂತ್ರಜ್ಞಾನ ಬಂದದ್ದರಿಂದ ಸಮಾಜದಲ್ಲಿ ಏನೇನು ಬದಲಾಯಿತು ಎಂದು ಅಧ್ಯಯನ ಮಾಡುತ್ತಿದ್ದೆ ಎಂದು ಮುಂದುವರಿಸಿದರೆ ಮಾತ್ರ ಕಷ್ಟ. ಎದುರು ಮನೆಯಾಕೆ ಆ ವಾಕ್ಯದಲ್ಲಿ ತಂತ್ರಜ್ಞಾನವೊಂದನ್ನೇ ಹಿಡಿದುಕೊಂಡು ಮಾರನೆಯ ದಿನ ತಮ್ಮ ಮೊಬೈಲು ತಂದು ನನ್ನ ಕೈಗಿಟ್ಟರು. "ಮೇಡಂ, ಇದು ತುಂಬಾ ಬಿಸಿ ಆಗ್ತಿದೆ, ಒಸಿ ನೋಡಿ" ಎಂದರು. ನೋಡಿದೆ. ಬಿಸಿಯಾಗಿಯೇ ಇತ್ತು. ಮೊಬೈಲು ಬಿಸಿಯಾದರೆ ಸಂಸಾರದಲ್ಲಿ ಏನೇನಾಗುತ್ತದೆ ಎಂದು ನಾನು ಒಂದು ಗಂಟೆ ಮಾತನಾಡಬಲ್ಲೆ. ಅದನ್ನು ತಣ್ಣಗೆ ಮಾಡುವುದು ನನಗೆ ಬರುವುದಿಲ್ಲ. ಆಕೆ ಪಾಪ, ನನ್ನ ಮರ್ಯಾದೆ ಉಳಿಸಲು "ಈಗ ಸರಿಹೋಯ್ತು ಅನ್ಸುತ್ತೆ" ಎಂದು ವಾಪಸ್ಸು ತೆಗೆದುಕೊಂಡು ಹೋದರು.

ನಮ್ಮ ಮನೆಯವರು ನನ್ನನ್ನು ಯಾರಿಗಾದರೂ ಪರಿಚಯಿಸುವ ರೀತಿ ಇನ್ನೂ ಚುಟುಕು. "ಊರೋರೆಲ್ಲ ಫೋನಲ್ಲಿ ಮಾತಾಡ್ತಾರೆ. ಮಾತಾಡೋರ್ನ ಇವಳು ನೋಡ್ತಾಳೆ. ಅಷ್ಟೇ ಕೆಲಸ" ಎನ್ನುತ್ತಾರೆ. ನಾನು ಮುಖ ಊದಿಸಿಕೊಳ್ಳುತ್ತೇನೆ. ಆದರೆ ಯೋಚಿಸಿದರೆ ಅದರಲ್ಲಿ ಸುಳ್ಳೇನಿಲ್ಲ. ಟ್ರಂಕ್ ಕಾಲ್, ಕಾಯಿನ್ ಬಾಕ್ಸು, ಮಿಸ್ಡ್ ಕಾಲು, ವಾಟ್ಸಾಪು ಎಂದು ಮೂವತ್ತಕ್ಕೂ ಹೆಚ್ಚು ವರ್ಷ ಜನ ಫೋನು ಹಿಡಿದದ್ದನ್ನೇ ನೋಡಿದವಳು ನಾನು. ಅಂಥ ನನಗೆ, ನನ್ನ ಸ್ವಂತ ಅಕ್ಕ ಒಂದು ದಿನ ಫೋನು ಮಾಡುವುದನ್ನು ನಿಲ್ಲಿಸಿದಾಗ ಯಾಕೆಂದು ತಿಳಿಯಲಿಲ್ಲ. ಈ ಬರಹ ಅದರ ಬಗ್ಗೆ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ನಾವು ಬೆಳೆದದ್ದು ರಾಜಾಜಿನಗರದಲ್ಲಿ. ಪಿಯುಸಿ ಮುಗಿದದ್ದೇ ತಡ, ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿಕೊಂಡಳು. ಬೇರೆ ಊರಿಗೆ ಮಾತನಾಡಬೇಕಾದರೆ ಆಗ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಿತ್ತು. ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಈ ಊರಿನ ವೈರನ್ನು ಆ ಊರಿಗೆ ಸಿಕ್ಕಿಸುವುದು, ಮೂರು ನಿಮಿಷವಾದೊಡನೆ ನಡುವೆ ಬಾಯಿ ಹಾಕಿ "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಎಂದು ಕೇಳುವುದು ಅವಳ ಕೆಲಸ. ಮನೆಯಲ್ಲಿ ಅಮ್ಮ ನನಗೆ ಬೈಯಲು ಶುರುಮಾಡಿದರೂ ಅಡುಗೆಮನೆ ಬಾಗಿಲಲ್ಲಿ ನಿಂತು ಅದೇ ರಾಗದಲ್ಲಿ "ಮೂರು ನಿಮಿಷ ಆಯ್ತಮ್ಮ, ಮುಂದುವರಿಸ್ತೀಯಾ?" ಎನ್ನುತ್ತಿದ್ದಳು. ಅಮ್ಮನಿಗೆ ನಗು ಬಂದು ಬೈಗುಳ ಅರ್ಧಕ್ಕೆ ನಿಲ್ಲುತ್ತಿತ್ತು. ನಾನು ಎಷ್ಟೋ ಏಟುಗಳನ್ನು ಹೀಗೆ ತಪ್ಪಿಸಿಕೊಂಡಿದ್ದೇನೆ.

ಅವಳ ಕಿವಿ ಎಂದರೆ ಎಕ್ಸ್‌ಚೇಂಜಿನಲ್ಲಿ ಹೆಸರುವಾಸಿ. ಒಮ್ಮೆ ಕೇಳಿದ ದನಿಯನ್ನು ಮರೆಯುತ್ತಿರಲಿಲ್ಲ. ಯಾರೋ ಸಾಹೇಬರು ವರ್ಷದ ಹಿಂದೆ ಒಂದು ಸಲ ಕಾಲ್ ಬುಕ್ ಮಾಡಿದ್ದರೆ, ಮತ್ತೆ "ಹಲೋ" ಅನ್ನುವಷ್ಟರಲ್ಲಿ "ಹೇಳಿ ಸಾರ್, ಶಿವಮೊಗ್ಗಾಕ್ಕಾ?" ಎಂದು ಕೇಳಿ ಅವರನ್ನು ಗಾಬರಿಪಡಿಸುತ್ತಿದ್ದಳು. ಮದುವೆ ಮನೆಗಳಲ್ಲಿ ಯಾರಾದರೂ ಮಾತನಾಡಿದರೆ ಅಕ್ಕ ತಿರುಗಿಯೂ ನೋಡದೆ ಇಂಥವರೇ ಎಂದು ಹೇಳುತ್ತಿದ್ದಳು. ಅದರ ಬಗ್ಗೆ ಅವಳಿಗೆ ಜಂಬವೂ ಇತ್ತು. ಅವಳ ನೌಕರಿಯಿಂದಾಗಿಯೇ ನಮ್ಮ ಸಾಲುಮನೆಗಳಲ್ಲಿ ಮೊದಲು ಫೋನು ಬಂದದ್ದು ನಮ್ಮ ಮನೆಗೆ. ಅಕ್ಕಪಕ್ಕದವರ ಲಗ್ನಪತ್ರಿಕೆಗಳಲ್ಲೆಲ್ಲ ನಮ್ಮ ನಂಬರು ಅಚ್ಚಾಗಿ, ಪಕ್ಕದಲ್ಲಿ ಪಿ.ಪಿ. ಎಂಬ ಎರಡಕ್ಷರ ಇರುತ್ತಿತ್ತು. ಫೋನು ಪಕ್ಕದ ಮನೆಯವರದ್ದು, ಕರೆದುಕೊಡುತ್ತಾರೆ ಎಂದು ಅದರ ಅರ್ಥ. ಕರೆಯಲು ಓಡುತ್ತಿದ್ದವಳು ನಾನು. ಬಂದವರು ಮಾತು ಮುಗಿಸುವವರೆಗೆ ಕದವನ್ನು ಒರಗಿಕೊಂಡು ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದವಳೂ ನಾನೇ. ಮುಂದೆ ಇದಕ್ಕೇ ಕ್ಷೇತ್ರಕಾರ್ಯ ಎಂಬ ದೊಡ್ಡ ಹೆಸರಿದೆ ಎಂದು ತಿಳಿದಾಗ ನನಗೆ ಬಹಳ ಸಮಾಧಾನವಾಯಿತು.

ಹೀಗೆ ಟೆಲಿಫೋನಿನ ಹೊಟ್ಟೆಯೊಳಗೇ ಕೂತು ಬಂದ ಅಕ್ಕ ಮನೆಯಲ್ಲಿದ್ದರೂ, ಟೆಲಿಫೋನಿನ ಮೇಲೆ ಸಂಶೋಧನೆ ಮಾಡಿದ ನಾನು ಒಂದೇ ಒಂದು ದಿನ ಅವಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳಲಿಲ್ಲ. ಮನೆಯವರನ್ನು ಸಂದರ್ಶಿಸಿದರೆ ಫಲಿತಾಂಶ ಒಂದು ಕಡೆಗೆ ವಾಲುತ್ತದೆ ಎಂದು ನಮಗೆ ಕಲಿಸಿದ್ದರು. ನಾನು ಬಹಳ ಶಿಸ್ತಿನ ವಿದ್ಯಾರ್ಥಿನಿ.

ನನಗೆ ಸ್ವಲ್ಪ ಹೆಸರು ತಂದುಕೊಟ್ಟ ಕೆಲಸವೆಂದರೆ ಫೋನಿನ ಪುಸ್ತಕಗಳು. ವಿಜಯನಗರ, ಮಾರೇನಹಳ್ಳಿಯ ಮನೆಗಳಿಗೆಲ್ಲ ಒಂದೊಂದಾಗಿ ಫೋನು ಬರುತ್ತಿದ್ದ ಕಾಲ. ಒಪ್ಪಿದ ಪ್ರತಿ ಮನೆಗೂ ಒಂದು ಉದ್ದನೆಯ ನೋಟ್‌ಬುಕ್ಕು ಕೊಟ್ಟು, ಅದನ್ನು ಪೆನ್ನಿನ ಸಮೇತ ದಾರದಲ್ಲಿ ಫೋನಿನ ಸ್ಟ್ಯಾಂಡಿಗೆ ಕಟ್ಟಿ ಬಂದೆ. ಎಷ್ಟು ಹೊತ್ತಿಗೆ ಮಾಡಿದಿರಿ, ಯಾರಿಗೆ ಮಾಡಿದಿರಿ, ಯಾಕೆ ಮಾಡಿದಿರಿ, ಈ ಮೂರನ್ನು ಬರೆಯಬೇಕು. ಜನ ಬಹಳ ಪ್ರೀತಿಯಿಂದ ಬರೆದರು. "ನಾದಿನಿಗೆ. ಹುಣಸೆಹಣ್ಣು ತಲುಪ್ತಾ ಅಂತ." "ತಮ್ಮನಿಗೆ. ಜಗಳ." "ರಾಂಗ್ ನಂಬರ್. ಆದ್ರೆ ಒಳ್ಳೆಯವರು." ಇವೆಲ್ಲ ಸರಿ. ತೊಂದರೆ ಕೊಟ್ಟದ್ದು ಒಂದೇ ಮಾತು. ಯಾಕೆ ಮಾಡಿದಿರಿ ಎಂಬ ಕಾಲಮ್ಮಿನಲ್ಲಿ ಪುಟಗಟ್ಟಲೆ ಒಂದೇ ಉತ್ತರ ಇತ್ತು: ಸುಮ್ನೆ.

ಕಾರಣಗಳಿಗೆಲ್ಲ ನಾನು ಒಂದರಿಂದ ಎಂಟರವರೆಗೆ ನಂಬರು ಕೊಟ್ಟಿಟ್ಟಿದ್ದೆ. ಆರೋಗ್ಯ, ವ್ಯವಹಾರ, ಮದುವೆ ಮಾತು, ಹೀಗೆ. ಸುಮ್ನೆ ಎನ್ನುವುದು ಯಾವುದರಲ್ಲೂ ಕೂರಲಿಲ್ಲ. ನನ್ನ ಮಾರ್ಗದರ್ಶಕರು ಕನ್ನಡಕವನ್ನು ಹಣೆಗೇರಿಸಿ, "ಒಂಬತ್ತನೇ ಕಾಲಂ ಒಂದು ಮಾಡಿ, ಉದ್ದೇಶರಹಿತ ಅಂತ ಹಾಕಿಬಿಡಿ" ಎಂದರು. ಹಾಕಿಬಿಟ್ಟೆ. ಎಣಿಸಿ ನೋಡಿದರೆ ಒಂಬತ್ತನೆಯ ಕಾಲಮ್ಮೇ ಎಲ್ಲಕ್ಕಿಂತ ದಪ್ಪ. ಟೆಲಿಫೋನು ಬಂದ ಮೇಲೆ ಉದ್ದೇಶವಿಲ್ಲದ ಮಾತು ವಿಪರೀತ ಹೆಚ್ಚಿದೆ ಎಂದು ಬರೆದೆ. ಓದಿದವರೆಲ್ಲ ತಲೆದೂಗಿದರು. ತಲೆದೂಗಿದವರಲ್ಲಿ ಒಬ್ಬರೂ ಮನೆಯಲ್ಲಿ ತಾವಾಗಿ ಫೋನು ಎತ್ತಿಕೊಳ್ಳುವ ಪೈಕಿಯವರಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಪುಸ್ತಕ ಬರೆದುಕೊಟ್ಟ ಮನೆಗಳಿಗೆ ಫಲಿತಾಂಶ ತಿಳಿಸುವುದು ಮರ್ಯಾದೆ ಎಂದು ನಾನು ಮತ್ತೆ ಮಾರೇನಹಳ್ಳಿಗೆ ಹೋದೆ. ಅಲ್ಲೊಬ್ಬರು ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಇಟ್ಟುಕೊಂಡು ಬ್ಲೌಸು ಹೊಲಿಯುತ್ತಿದ್ದರು. ನಾನು ಓದಿದ್ದನ್ನೆಲ್ಲ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಕೇಳಿದರು. ಆಮೇಲೆ ಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟರು.

"ನಾನು ಸುಮ್ನೆ ಅಂತ ಬರ್ದಿದ್ನಲ್ಲ, ಅದನ್ನೆಲ್ಲ ಎಲ್ಲಿ ಹಾಕಿದ್ರಿ ಮೇಡಂ?"

"ಉದ್ದೇಶ ಇಲ್ಲದ್ದು ಅಂತ ಒಂದು ಕಾಲಂ ಇದೆಯಮ್ಮ, ಅದರಲ್ಲಿ."

"ಅಯ್ಯೋ, ಉದ್ದೇಶ ಇಲ್ದೆ ಯಾರು ಮೇಡಂ ಆರಾರು ಸಲ ಡಯಲ್ ತಿರುಗಿಸ್ತಾರೆ? ಬೆರಳು ನೋಯಲ್ವಾ?"

"ಹಾಗಾದ್ರೆ ಉದ್ದೇಶಾನೇ ಬರೀಬೇಕಿತ್ತಲ್ಲ?"

"ನಮ್ಮ ಯಜಮಾನ್ರೂ ತಿರುವಿಹಾಕೋ ಬುಕ್ಕಲ್ಲಿ ಯಾರಾದ್ರೂ ಉದ್ದೇಶ ಬರೀತಾರಾ?" ಎಂದು ಆಕೆ ಪಿನ್ನುಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡರು.

ನನಗೆ ಮುಖಕ್ಕೆ ಹೊಡೆದಂತಾಯಿತು. ಕನ್ನಡದವರು ಸುಮ್ನೆ ಎಂದರೆ ಕಾರಣವಿಲ್ಲ ಎಂದಲ್ಲ, ಕಾರಣವನ್ನು ಹೇಳುವುದಿಲ್ಲ ಎಂದು ಅರ್ಥ. ಇದು ಹುಟ್ಟಿದಾಗಿನಿಂದ ಕನ್ನಡ ಮಾತನಾಡಿದ ನನಗೆ ಗೊತ್ತಿರಬೇಕಿತ್ತು. ಯಾರಾದರೂ ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದು "ಸುಮ್ನೆ ಬಂದೆ" ಎಂದರೆ ಅಮ್ಮ ತಕ್ಷಣ ಕಾಫಿಗೆ ಇಟ್ಟು, ನಮ್ಮನ್ನೆಲ್ಲ ಹೊರಗೆ ಕಳಿಸುತ್ತಿದ್ದದ್ದು ಮತ್ತೇಕೆ? ಆದರೆ ಲೇಖನ ಆಗಲೇ ಅಚ್ಚಾಗಿತ್ತು. ಮುಂದಿನ ಲೇಖನದಲ್ಲಿ ಆ ಟೈಲರಮ್ಮನ ಮಾತನ್ನು ಒಂದು ಅಡಿಟಿಪ್ಪಣಿಯಾಗಿ ಹಾಕಿ ಕೈತೊಳೆದುಕೊಂಡೆ. ಅಡಿಟಿಪ್ಪಣಿಗಳನ್ನು ಬರೆದವರೂ ಮತ್ತೆ ಓದುವುದಿಲ್ಲ.

ವರ್ಷಗಳು ಕಳೆದವು. ಅಕ್ಕ ನಿವೃತ್ತಳಾಗಿ ಕೆಂಗೇರಿ ಉಪನಗರದಲ್ಲಿ ಮಗ ಸೊಸೆಯ ಜೊತೆಗಿದ್ದಾಳೆ. ಭಾವ ತೀರಿಕೊಂಡು ಬಹಳ ವರ್ಷವಾಯಿತು. ನಾನೂ ನಿವೃತ್ತಳಾದೆ, ಆದರೆ ಬರೆಯುವ ಚಟ ಬಿಡಲಿಲ್ಲ. ಅವಳ ಮಗ ಬ್ಯಾಂಕಿಗೂ ಸೊಸೆ ಸ್ಕೂಲಿಗೂ ಹೋದ ಮೇಲೆ, ದಿನಾ ಹನ್ನೊಂದು ಗಂಟೆಗೆ ಸರಿಯಾಗಿ ಅಕ್ಕನ ಫೋನು ಬರುತ್ತಿತ್ತು. ಹನ್ನೊಂದು ಎಂದರೆ ನಾನು ಕಾಫಿ ಮುಗಿಸಿ, ಮೇಜಿನ ಮುಂದೆ ಕೂತು, ಮೊದಲ ವಾಕ್ಯ ಇನ್ನೇನು ಬಂತು ಎನ್ನುವ ಹೊತ್ತು.

"ಹಲೋ, ನಾನು ಕಣೇ."

"ಹೇಳಕ್ಕ, ಏನು ವಿಷಯ?"

"ಏನಿಲ್ಲ, ಸುಮ್ನೆ ಮಾಡ್ದೆ."

"ಬರೀತಾ ಇದೀನಿ ಅಕ್ಕ."

"ಹೌದಾ? ಏನು ಬರೀತಿದೀಯ?"

"ಮೊಬೈಲು ಬಂದ್ಮೇಲೆ ಜನ ಒಬ್ಬರ ಹತ್ರ ಒಬ್ಬರು ಸರಿಯಾಗಿ ಮಾತಾಡ್ತಾನೇ ಇಲ್ಲ ಅಂತ."

"ಸರಿ ಸರಿ, ಬರಿ ಹಾಗಾದ್ರೆ" ಎಂದು ಅಕ್ಕ ಇಟ್ಟುಬಿಡುತ್ತಿದ್ದಳು. ನಾನು ಬರೆಯುತ್ತಿದ್ದೆ.

ಇದನ್ನು ಈಗ ನೀವು ಓದಿ ನಗುತ್ತಿದ್ದೀರಿ. ನಮ್ಮ ಮನೆಯವರು ಪಕ್ಕದ ಕೋಣೆಯಲ್ಲಿ ಪೇಪರಿನ ಹಿಂದೆ ಆಗಲೇ ನಗುತ್ತಿದ್ದರು. ನನಗೆ ಮಾತ್ರ ನಗು ಬರಲಿಲ್ಲ. ವಿಷಯವಿಲ್ಲದೆ ಮಾತನಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಡುಕು. ಒಂದೆರಡು ಸಲವಂತೂ "ಏನಾದ್ರೂ ವಿಷಯ ಇದ್ರೆ ಹೇಳು, ಇಲ್ದಿದ್ರೆ ಸಾಯಂಕಾಲ ಮಾಡು" ಎಂದೇ ಹೇಳಿದ್ದೇನೆ. ಅಕ್ಕ ಮಾರನೆಯ ದಿನವೂ ಹನ್ನೊಂದಕ್ಕೇ ಮಾಡಿದಳು.

ಒಂದು ದಿನ ನಮ್ಮ ಮನೆಯವರು ಜ್ವರ ಬಂದು ಹಾಲಿನ ಸೋಫಾದಲ್ಲೇ ಮಲಗಿದ್ದರು. ಹನ್ನೊಂದಕ್ಕೆ ಅಕ್ಕನ ಫೋನು. ನಾನು ಶುಂಠಿ ಜಜ್ಜುತ್ತಿದ್ದರಿಂದ ಸ್ಪೀಕರ್ ಹಾಕಿದೆ.

"ಇವರಿಗೆ ನಿನ್ನೆಯಿಂದ ಜ್ವರ ಅಕ್ಕ" ಎಂದೆ.

"ಹೌದಾ? ಒಳ್ಳೇದಾಯ್ತು ಬಿಡು! ಪಾಪ, ಎಷ್ಟು ದಿನದಿಂದ ಕಾಯ್ತಿದ್ರಿ!" ಎಂದಳು ಅಕ್ಕ, ಸಂಭ್ರಮದಿಂದ.

ರಗ್ಗಿನೊಳಗಿಂದ ನಮ್ಮ ಮನೆಯವರ ತಲೆ ನಿಧಾನವಾಗಿ ಹೊರಗೆ ಬಂತು. ಅಕ್ಕನಿಗೆ ಅವರನ್ನು ಗೋಳುಹೊಯ್ದುಕೊಳ್ಳುವುದು ಮದುವೆಯಾದಾಗಿನಿಂದಲೂ ಅಭ್ಯಾಸ. ಇದೂ ಅಂಥದ್ದೇ ಎಂದುಕೊಂಡರೂ ಅವರಿಗೆ ಬೇಜಾರಾಯಿತು. "ಕಾಯ್ತಿದ್ರಂತೆ, ಕಾಯ್ತಿದ್ರಂತೆ" ಎಂದು ಜ್ವರ ಬಿಡುವವರೆಗೂ ಗೊಣಗಿದರು. ನನಗೆ ಮಾತ್ರ ಒಳಗೊಳಗೇ ಖುಷಿ. ಫೋನಿನಲ್ಲಿ ಜನ ಮಾತನಾಡುತ್ತಾರೆ, ಆದರೆ ಎದುರಿನವರ ಮಾತನ್ನು ಕೇಳಿಸಿಕೊಳ್ಳುವುದಿಲ್ಲ ಎಂದು ನಾನು ಬರೆಯುತ್ತಿದ್ದುದಕ್ಕೆ ಮನೆಯಲ್ಲೇ ಉದಾಹರಣೆ ಸಿಕ್ಕಿತ್ತಲ್ಲ. ಆ ವಾರ ಒಂದು ಕಾಲೇಜಿನಲ್ಲಿ ಉಪನ್ಯಾಸವಿತ್ತು. "ನನ್ನ ಹತ್ತಿರದ ಬಂಧುವೊಬ್ಬರು" ಎಂದು ಶುರುಮಾಡಿ ಇದನ್ನು ಹೇಳಿದೆ. ಹುಡುಗರು ಬೆಂಚು ಕುಟ್ಟಿಕೊಂಡು ನಕ್ಕರು. ಅಷ್ಟು ಚೆನ್ನಾಗಿ ನಗಿಸಿದ ಉಪನ್ಯಾಸ ನಾನು ಅದರ ಹಿಂದೆ ಕೊಟ್ಟಿರಲಿಲ್ಲ. ಅದನ್ನು ನೆನೆದರೆ ನನಗೆ ಈಗ ನಾಚಿಕೆಯಾಗುತ್ತದೆ.

ಅದಾಗಿ ಸ್ವಲ್ಪ ದಿನಕ್ಕೆ ಹನ್ನೊಂದು ಗಂಟೆಯ ಫೋನು ನಿಂತುಹೋಯಿತು.

ಮೊದಲ ಎರಡು ದಿನ ಬಹಳ ಬರೆದೆ. ಮೂರನೆಯ ದಿನ ಹನ್ನೊಂದಕ್ಕೆ ನಾಲ್ಕು ಸಲ ಮೊಬೈಲು ನೋಡಿದೆ. ವಾರ ಕಳೆದ ಮೇಲೆ ನಾನೇ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಅರ್ಧ ಗಂಟೆಯ ನಂತರ ವಾಟ್ಸಾಪಿನಲ್ಲಿ ಅಕ್ಕನ ಮೆಸೇಜು: "ಕೆಲಸದಲ್ಲಿದ್ದೆ. ಏನು ವಿಷಯ?" ಮತ್ತೆ ಮಾಡಿದೆ, ಎತ್ತಲಿಲ್ಲ. ಮೆಸೇಜು ಮಾಡಿದರೆ ಎರಡೇ ನಿಮಿಷಕ್ಕೆ ಉತ್ತರ ಬರುತ್ತಿತ್ತು. ಬೆಳಿಗ್ಗೆ ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯವೂ ತಪ್ಪಲಿಲ್ಲ. ದನಿ ಮಾತ್ರ ಇಲ್ಲ. ಅವಳ ಮಗನನ್ನು ಕೇಳಿದರೆ "ಅಮ್ಮ ಚೆನ್ನಾಗೇ ಇದಾರಲ್ಲ ಚಿಕ್ಕಮ್ಮ, ಈಚೆಗೆ ಸ್ವಲ್ಪ ಮರೆವು, ಹೇಳಿದ್ದನ್ನ ಎರಡು ಸಲ ಹೇಳ್ಬೇಕು, ಅಷ್ಟೇ" ಎಂದ. ನನಗೆ ಖಾತ್ರಿಯಾಯಿತು. ಅಕ್ಕ ಸಿಟ್ಟಾಗಿದ್ದಾಳೆ. ನನ್ನ ಸಿಡುಕು ಕೇಳಿ ಕೇಳಿ ಅವಳಿಗೆ ಸಾಕಾಗಿದೆ.

"ಹೋಗಿ ಮಾತಾಡ್ಸಿಕೊಂಡು ಬಾ. ಆರ್ಟಿಕಲ್ ಓಡಿಹೋಗಲ್ಲ" ಎಂದರು ನಮ್ಮ ಮನೆಯವರು. ಜ್ವರದ ವಿಷಯ ಅವರು ಇನ್ನೂ ಮರೆತಿರಲಿಲ್ಲ, ಆದರೂ ಹೇಳಿದರು.

ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿದರೆ ಕೆಂಗೇರಿ ಎಷ್ಟು ಹೊತ್ತು? ನಾನು ಅಷ್ಟು ಹೊತ್ತನ್ನು ಎಷ್ಟು ತಿಂಗಳಿಂದ ಉಳಿಸಿಕೊಂಡಿದ್ದೆ ಎಂದು ದಾರಿಯಲ್ಲಿ ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ. ಬೋಗಿಯಲ್ಲಿದ್ದವರೆಲ್ಲ ತಲೆ ಬಗ್ಗಿಸಿ ಮೊಬೈಲು ನೋಡುತ್ತಿದ್ದರು. ಬೇರೆ ದಿನವಾಗಿದ್ದರೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ಆವತ್ತು ಅಕ್ಕನ ಮುಂದೆ ಹೇಗೆ ಮಾತು ಶುರುಮಾಡುವುದು ಎಂಬುದೇ ಚಿಂತೆಯಾಗಿತ್ತು.

ಮನೆ ಮುಟ್ಟಿದಾಗ ಹನ್ನೊಂದಾಗಿತ್ತು. ಬೆಲ್ ಒತ್ತಿದೆ. ಬಾಗಿಲು ತೆಗೆಯಲಿಲ್ಲ. ಇನ್ನೊಮ್ಮೆ ಒತ್ತಿದೆ. ಪಕ್ಕದ ಕಿಟಕಿಯ ಪರದೆ ಅರ್ಧ ಸರಿದಿತ್ತು, ಇಣುಕಿದೆ. ಅಕ್ಕ ನನಗೆ ಬೆನ್ನು ಹಾಕಿ, ನೆಲದ ಮೇಲೆ ಕಾಲು ಚಾಚಿಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು. ಸಿಟ್ಟು ಇಷ್ಟು ದೂರ ಬಂತೇ ಎಂದುಕೊಂಡು ಅಲ್ಲೇ ನಿಂತು ಫೋನು ಮಾಡಿದೆ. ಅವಳ ಬೆನ್ನ ಹಿಂದೆ, ಒಂದು ಮಾರು ದೂರದ ಟೀಪಾಯಿಯ ಮೇಲೆ ಮೊಬೈಲು ರಿಂಗಾಗತೊಡಗಿತು. ಕಿಟಕಿಯ ಹೊರಗೆ ನಿಂತ ನನಗೇ ಅದು ಜೋರಾಗಿ ಕೇಳಿಸುತ್ತಿತ್ತು. ಅಕ್ಕ ಒಂದು ಕಾಯಿ ಬಿಡಿಸಿದಳು, ಕಾಳನ್ನು ಬಟ್ಟಲಿಗೆ ಹಾಕಿದಳು, ಇನ್ನೊಂದು ಕಾಯಿ ತೆಗೆದುಕೊಂಡಳು. ಅವಳ ಹೆಗಲು ಅಲುಗಲಿಲ್ಲ, ಕತ್ತು ಹೊರಳಲಿಲ್ಲ. ರಿಂಗು ಮುಗಿದುಹೋಯಿತು.

ಆಗ ನನಗೆ ತಿಳಿಯಿತು. ಕಿಟಕಿಯ ಸರಳು ಹಿಡಿದುಕೊಂಡೆ. ನನ್ನ ನೆರಳು ಒಳಗೆ ಬಿದ್ದಿರಬೇಕು, ಅಕ್ಕ ಥಟ್ಟನೆ ತಿರುಗಿದಳು. ನನ್ನ ಕೈಯಲ್ಲಿದ್ದ ಮೊಬೈಲನ್ನು ನೋಡಿದಳು. ಟೀಪಾಯಿಯ ಮೇಲಿನದನ್ನು ನೋಡಿದಳು. ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನ ಮುಖ ಅವಳದು.

ಬಾಗಿಲು ತೆಗೆದವಳು ಮೊದಲು ಜಗಳಕ್ಕೇ ಬಂದಳು. "ಹೇಳ್ದೆ ಕೇಳ್ದೆ ಬರೋದೇನೇ? ಕಿಟಕೀಲಿ ನೋಡೋದೇನೇ? ಇದೇನಾ ನೀನು ಓದಿರೋದು?" ನಾನು ಏನೋ ಹೇಳಿದೆ. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಕಣ್ಣನ್ನು ನೋಡುತ್ತಿರಲಿಲ್ಲ. ಮಗ ಮರೆವು ಎಂದುಕೊಂಡದ್ದು ಇದನ್ನೇ.

"ಎಷ್ಟು ದಿನದಿಂದ ಅಕ್ಕಾ?" ಎಂದು ನಿಧಾನವಾಗಿ ಕೇಳಿದೆ.

"ಎರಡು ವರ್ಷ ಆಯ್ತೇನೋ" ಎಂದಳು. ಅವರೆಕಾಯಿಯ ಮುಂದೆ ಮತ್ತೆ ಕೂತಳು. "ಮನೇಲಿ ಮುಖ ನೋಡಿದ್ರೆ ತಿಳಿಯುತ್ತೆ. ಫೋನಲ್ಲಿ ಮುಖ ಇಲ್ವಲ್ಲ, ಕಿವಿ ಒಂದೇ. ಇವತ್ತು ಎಷ್ಟು ಉಳಿದಿದೆ ಅಂತ ನೋಡ್ಕೊಳ್ಳೋಕೆ ದಿನಾ ನಿನಗೆ ಮಾಡ್ತಿದ್ದೆ. ನಿನ್ನ ಗಂಟಲು ಪಾಠ ಮಾಡಿ ಮಾಡಿ ಮೈಕ್ ಆಗಿದೆ ನೋಡು. ಬೇರೆಯವರದ್ದು ಕೇಳ್ಸದೇ ಇದ್ರೂ ನಿನ್ನದು ಕೇಳ್ಸೋದು."

ನಾನೂ ಅವಳ ಪಕ್ಕ ನೆಲದ ಮೇಲೆ ಕೂತೆ.

"ಆಮೇಲಾಮೇಲೆ ನಿಂದೂ ಎಲ್ಲ ಕೇಳ್ತಿರ್ಲಿಲ್ಲ. 'ಏನು ವಿಷಯ' ಅನ್ನೋದು ಮಾತ್ರ ಚೆನ್ನಾಗಿ ಕೇಳೋದು. ಅದನ್ನ ನೀನು ಗಟ್ಟಿಯಾಗಿ ಹೇಳ್ತಿದ್ದೆ. ಅದು ಕೇಳ್ಸಿದ್ರೆ ಸಾಕು, ಇವತ್ತು ಪರವಾಗಿಲ್ಲ ಅಂದ್ಕೊಂಡು ಇಟ್ಬಿಡ್ತಿದ್ದೆ. ಒಂದಿನ ಅದೂ ಬರೀ ಗುಂಯ್ ಅಂತು. ಆವತ್ತಿಂದ ಮಾಡ್ಲಿಲ್ಲ."

ಅವಳು ಇದನ್ನು ದೂರಿನಂತೆ ಹೇಳಲಿಲ್ಲ. ಎಕ್ಸ್‌ಚೇಂಜಿನ ಯಾವುದೋ ಲೈನು ಕೆಟ್ಟದ್ದನ್ನು ಹೇಳಿದಂತೆ ಹೇಳಿದಳು. ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಬೇರೆಯವರಿಗೆ ಮುಪ್ಪಿನಲ್ಲಿ ಕಿವಿ ಹೋದರೆ ಕಿವಿಯಷ್ಟೇ ಹೋಗುತ್ತದೆ. ಅಕ್ಕನಿಗೆ ಹೋದದ್ದು ಅವಳ ಹೆಸರು. ನಾನು ಅವಳ ಬುಟ್ಟಿಯಿಂದ ಒಂದು ಹಿಡಿ ಕಾಯಿ ತೆಗೆದುಕೊಂಡು ಬಿಡಿಸತೊಡಗಿದೆ. ಬಹಳ ಹೊತ್ತಿನ ಮೇಲೆ ಜ್ವರದ ವಿಷಯ ನೆನಪಾಗಿ, ಮುಖ ನೋಡುವಂತೆ ತಿರುಗಿ ಅದನ್ನು ಹೇಳಿದೆ. ಅಕ್ಕ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಜ್ವರ ಅಂದ್ಯಾ? ಅಯ್ಯೋ ರಾಮ! ನಾನು ವರ ಅಂದ್ಕೊಂಡೆ ಕಣೇ! ಅವರ ತಂಗಿ ಮಗಳಿಗೆ ವರ ಹುಡುಕ್ತಿದ್ರಲ್ಲ, ಕೊನೆಗೂ ಸಿಕ್ಕಿದ ಅಂತ ಎಷ್ಟು ಖುಷಿಪಟ್ಟೆ ಗೊತ್ತಾ?"

ಇಬ್ಬರೂ ಅವರೆ ಸಿಪ್ಪೆಯ ನಡುವೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ನೀರೆಲ್ಲ ನಗುವಿನದೇ ಆಗಿರಲಿಲ್ಲ.

ಡಾಕ್ಟರ ಹತ್ತಿರ ಹೋಗೋಣ ಎಂದದ್ದಕ್ಕೆ ಒಪ್ಪಿಸಲು ಮೂರು ವಾರ ಬೇಕಾಯಿತು. ಕಿವಿಗೆ ಮಿಷನ್ ಸಿಕ್ಕಿಸಿಕೊಂಡು ಓಡಾಡುವುದನ್ನು ಹಳೆಯ ಆಪರೇಟರುಗಳು ಯಾರಾದರೂ ನೋಡಿದರೆ ಏನು ಗತಿ ಎಂಬುದು ಅವಳ ಭಯ. "ಮೂವತ್ತು ವರ್ಷ ನೀನು ಅಷ್ಟು ದೊಡ್ಡ ಹೆಡ್‌ಸೆಟ್ ಹಾಕ್ಕೊಂಡಿದ್ದೆ, ಇದು ಕಡ್ಲೆಕಾಳಷ್ಟಿರುತ್ತೆ" ಎಂದು ನಾನು ವಾದಿಸಿದೆ. "ಅದು ಡ್ಯೂಟಿ ಕಣೇ, ಇದು ಕಾಯಿಲೆ" ಎಂದಳು. ಮಗ ಸೊಸೆ ಹೇಳಿದರೂ ಜಗ್ಗಲಿಲ್ಲ. ಈ ಮೂರು ವಾರವೂ ನಾನು ದಿನ ಬಿಟ್ಟು ದಿನ ಕೆಂಗೇರಿಗೆ ಹೋದೆ. ಕೊನೆಗೆ ನನ್ನ ಕಾಟ ತಡೆಯಲಾರದೆ ಒಪ್ಪಿಕೊಂಡಳು, ಎರಡು ಷರತ್ತು ಹಾಕಿ. ಒಂದು, ಮಿಷನ್ನಿನಲ್ಲೂ ಕೇಳಿಸದಿದ್ದರೆ ಇನ್ನು ಯಾರೂ ಅವಳ ಕಿವಿಯ ಮಾತೆತ್ತಬಾರದು. ಎರಡು, "ಇದನ್ನ ನೀನು ಎಲ್ಲೂ ಭಾಷಣ ಮಾಡ್ಕೂಡದು." ಎರಡನೆಯದನ್ನು ಆಮೇಲೆ ಅವಳೇ ಸಡಿಲಿಸಿದಳು. "ಬರ್ಕೋ ಹೋಗು. ಹೆಸರು ಹಾಕ್ಬೇಡ. ನಿಂದೂ ಹಾಕ್ಬೇಡ, ನಿನ್ನ ಹೆಸರು ಹಾಕಿದ್ರೆ ನಂದು ಹಾಕಿದಂಗೇ" ಎಂದಳು. ಅದಕ್ಕೇ ಇಲ್ಲಿ ಯಾರ ಹೆಸರೂ ಇಲ್ಲ.

ವಿಜಯನಗರದ ಕಿವಿ ಕ್ಲಿನಿಕ್ಕೊಂದರಲ್ಲಿ ಪರೀಕ್ಷೆ ಮಾಡಿದವಳು ಬಾಗಲಕೋಟೆ ಕಡೆಯ ಹುಡುಗಿ. ಗಾಜಿನ ಗೂಡಿನಂಥ ಕೋಣೆಯಲ್ಲಿ ಅಕ್ಕನ ಕಿವಿಗೆ ಹೆಡ್‌ಫೋನ್ ಹಾಕಿ ಕೂರಿಸಿದಳು. ಅದನ್ನು ಹಾಕಿದ ಕೂಡಲೇ ಅಕ್ಕನ ಬೆನ್ನು ತಾನಾಗಿ ನೆಟ್ಟಗಾದದ್ದನ್ನು ನಾನು ಹೊರಗಿನಿಂದ ನೋಡಿದೆ. ಸದ್ದು ಕೇಳಿಸಿದಾಗ ಗುಂಡಿ ಒತ್ತಬೇಕು. ಎಷ್ಟೋ ಸಲ ಹುಡುಗಿ ಸದ್ದು ಕೊಟ್ಟಳು, ಅಕ್ಕ ಗುಂಡಿ ಒತ್ತದೆ ಕಾಯುತ್ತಲೇ ಕೂತಿದ್ದಳು. ನನಗೆ ಅದನ್ನು ನೋಡಲಾಗಲಿಲ್ಲ, ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ.

ಆಮೇಲೆ ಹುಡುಗಿ ಎರಡೂ ಕಿವಿಗೆ ಮಿಷನ್ ಕೂರಿಸಿ, ಕಂಪ್ಯೂಟರಿನಲ್ಲಿ ಏನೇನೋ ಹೊಂದಿಸಿ, ನನ್ನತ್ತ ತಿರುಗಿದಳು.

"ಮೇಡಂ, ಈಗ ನೀವು ಅಮ್ಮಾರ ಹಿಂದ ನಿಂದರ್ರಿ. ನಿಮ್ಮ ಮಾರಿ ಅವರಿಗೆ ಕಾಣಬಾರದು. ಅಲ್ಲಿಂದ ಏನರ ಮಾತಾಡ್ರಿ."

ನಾನು ಅಕ್ಕನ ಬೆನ್ನ ಹಿಂದೆ ಹೋಗಿ ನಿಂತೆ. ಗಂಟಲು ಸರಿಮಾಡಿಕೊಂಡೆ. "ಅಕ್ಕ, ನನ್ನ ಮಾತು ನಿನಗೆ ಸ್ಪಷ್ಟವಾಗಿ ಕೇಳಿಸುತ್ತಿದೆಯೇ?" ಎಂದು ಶುರುಮಾಡಿದೆ.

"ಅಷ್ಟ್ ಜೋರ್ ಬ್ಯಾಡ್ರಿ ಮೇಡಂ!" ಎಂದು ಹುಡುಗಿ ನಕ್ಕಳು. "ಹಂಗ ಒದರಿದ್ರ ಮಿಷನ್ ಇಲ್ದನೂ ಕೇಳಸ್ತೈತಿ. ಮನ್ಯಾಗ ಮಾತಾಡಿದಂಗ, ಸಾವಕಾಶ ಮಾತಾಡ್ರಿ."

"ಯಾವುದರ ಬಗ್ಗೆ ಮಾತಾಡಲಮ್ಮ?"

"ಯಾವುದರ ಬಗ್ಗೆನೂ ಬ್ಯಾಡ್ರಿ."

ಅಷ್ಟು ವರ್ಷ ಗಂಟೆಗಟ್ಟಲೆ ಮಾತನಾಡಿ ಸಂಬಳ ತೆಗೆದುಕೊಂಡವಳಿಗೆ ಆ ಹೊತ್ತಿನಲ್ಲಿ ಒಂದೇ ಒಂದು ಮಾತು ಹೊಳೆಯಲಿಲ್ಲ. ಹುಡುಗಿ ಕಾಯುತ್ತಿದ್ದಳು. ಅಕ್ಕನೂ ಕಾಯುತ್ತಿದ್ದಳು. ನನಗೆ ಕಾಣುತ್ತಿದ್ದದ್ದು ಅವಳ ನರೆತ ಜಡೆ, ಮಡಿಲಲ್ಲಿ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡ ಎರಡು ಕೈ. ಅವಳು ಹೆದರಿದ್ದಳು. ನಾನು ಅವಳಿಗಿಂತ ಹೆಚ್ಚು ಹೆದರಿದ್ದೆ. ಈಗಲೂ ಕೇಳಿಸದಿದ್ದರೆ ಅವಳು ಇನ್ನು ಯಾರ ಫೋನನ್ನೂ ಎತ್ತುವುದಿಲ್ಲ, ನನ್ನ ದನಿ ಅವಳಿಗೆ ಇಷ್ಟಕ್ಕೇ ಮುಗಿಯಿತು.

"ಬೆಳಿಗ್ಗೆ ಉಪ್ಪಿಟ್ಟು ಮಾಡಿದ್ದೆ" ಎಂದೆ, ಮೆಲ್ಲಗೆ. "ಇವರು ಬಾಯಿಗೆ ಹಾಕ್ಕೊಂಡು ಏನೂ ಹೇಳ್ಲಿಲ್ಲ. ಎರಡು ಲೋಟ ನೀರು ಕುಡಿದ್ರು. ಆಮೇಲೆ ನಾನು ತಿಂದು ನೋಡ್ತೀನಿ, ಉಪ್ಪು ಎರಡು ಸಲ ಹಾಕ್ಬಿಟ್ಟಿದೀನಿ."

ನನ್ನ ದನಿ ಎಂದಿನಂತೆಯೇ ಇತ್ತು ಎಂದು ನಾನು ಇವತ್ತಿಗೂ ವಾದಿಸುತ್ತೇನೆ. ಪಕ್ಕದಲ್ಲೇ ನಿಂತಿದ್ದ ಹುಡುಗಿಗೂ ಏನೂ ಗೊತ್ತಾಗಲಿಲ್ಲ. ಅಕ್ಕ ಮಡಿಲಲ್ಲಿ ಬಿಗಿಹಿಡಿದಿದ್ದ ಕೈಗಳನ್ನು ಸಡಿಲಿಸಿದಳು. ಆಮೇಲೆ, ತಿರುಗಿ ನೋಡದೆಯೇ ಹೇಳಿದಳು:

"ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಆಗಿದ್ದಕ್ಕೆ ಯಾರಾದ್ರೂ ಅಳ್ತಾರೇನೇ?"